ಬೇಸಿಗೆ ಕೆರೆ ಹಸಿರಾಗಲು ಹನ್ನೆರಡು ಕಿಲೋ ಡಿಎಪಿ ಸಾಕು

ಬೇಸಿಗೆ ಕಾಲಿಟ್ಟು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ನಿಂತರೆ ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಊರುಗಳಿಗೆ ಕುಡಿಯುವ ನೀರಿನ ಕೆರೆಯೇ ಗತಿ. ಬಲದಂಡೆಯಲ್ಲಿ ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳದೂ ಅದೇ ಕಥೆ. ಕಾಲುವೆ ಹರಿಯುವಾಗ ತುಂಬಿಸಿಕೊಂಡ ನೀರನ್ನು ಅಣೆಕಟ್ಟೆಯಿಂದ ಮತ್ತೆ ನೀರು ಬಿಡುವ ತನಕ ಕಾಪಾಡಿಕೊಂಡು ಕುಡಿಯಬೇಕು. ಬೋರಿನ ನೀರಿಗೆ ಹೋಗೋಣವೆಂದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರೂ ಜಿಲ್ಲೆಗಳಲ್ಲಿ ಫ್ಲೋರೈಡ್ ಕಾಟ. ಹಾಗಾಗಿ ಕೆರೆ ಕೆಟ್ಟರೆ ಊರಿಗೆ ಬೇರೆ ದಾರಿ ಕಡಿಮೆ.

ಮೇ ಹೊತ್ತಿಗೆ ಇಂಥ ಎಷ್ಟೋ ಕೆರೆಗಳ ನೀರು ಮೆಂತ್ಯೆಸೊಪ್ಪು ಅರೆದು ಕಲಸಿದಂತೆ ಕಾಣತೊಡಗುತ್ತದೆ. ಗಾಳಿ ತಳ್ಳಿದ ಮೂಲೆಯಲ್ಲಿ ಗೋಡೆಗೆ ಬಳಿಯುವ ಹಸಿರು ಡಿಸ್ಟೆಂಪರ್ ಚೆಲ್ಲಿದ ಹಾಗೆ ಕೆನೆ ಕಟ್ಟುತ್ತದೆ. ಕೇಳಿದರೆ "ಬಿಸಿಲು ಜಾಸ್ತಿ ಆಗೇತಿ, ಅದಕ್ಕ ಹಾವಸಿ ಬಂದೈತಿ" ಎನ್ನುತ್ತಾರೆ. ಬಿಸಿಲಿನ ಪಾಲು ಇದೆ, ಆದರೆ ಬಿಸಿಲು ಬರೀ ಒಲೆ. ಬೇಯುವ ಅಕ್ಕಿ ಬೇರೆ ಕಡೆಯಿಂದ ಬಂದು ಬಿದ್ದಿರುತ್ತದೆ. ಆ ಅಕ್ಕಿಯ ಹೆಸರು ರಂಜಕ, ಅಂದರೆ ಫಾಸ್ಫರಸ್. ಅದರ ಬೆನ್ನಿಗೆ ಸಾರಜನಕ. ಕೆರೆಯಲ್ಲಿ ಎಷ್ಟು ಹಸಿರು ಕಟ್ಟಬಹುದೆಂಬ ಮಿತಿಯನ್ನು ಬಹುಮಟ್ಟಿಗೆ ರಂಜಕ ನಿರ್ಧರಿಸುತ್ತದೆ. ಆ ಹಸಿರು ಎಷ್ಟು ವಿಷ ಕಾರುತ್ತದೆ ಎಂಬುದರಲ್ಲಿ ಸಾರಜನಕದ ಕೈವಾಡ ದೊಡ್ಡದು.

ಮೊದಲು ಈ ಜೀವಿ ಯಾವುದೆಂದು ಹೇಳಿಬಿಡುವುದು ಒಳ್ಳೆಯದು. ಕಲ್ಲಿಗೆ ಅಂಟಿ ಕೂದಲಿನಂತೆ ಎಳೆಯಾಗಿ ಬರುವ ಪಾಚಿ ಇದಲ್ಲ. ಇದು ಸಯನೋಬ್ಯಾಕ್ಟೀರಿಯಾ. ರೂಢಿಯಲ್ಲಿ ನೀಲಿ-ಹಸಿರು ಪಾಚಿ ಎಂದರೂ ಜಾತಿಯಲ್ಲಿ ಬ್ಯಾಕ್ಟೀರಿಯಾ. ನಿಂತ ಬಿಸಿನೀರಿನಲ್ಲಿ ಹೆಚ್ಚಾಗಿ ಮೇಲುಗೈ ಪಡೆಯುವುದು ಮೈಕ್ರೊಸಿಸ್ಟಿಸ್ ಎಂಬ ಕುಲ. ಅನಬೀನಾ, ಆಸಿಲಟೋರಿಯಾ ಬಗೆಯವೂ ಬರುತ್ತವೆ. ಮೈಕ್ರೊಸಿಸ್ಟಿಸ್ ಕೋಶದೊಳಗೆ ಗಾಳಿ ತುಂಬಿದ ಸಣ್ಣ ಚೀಲಗಳಿರುತ್ತವೆ. ಹಗಲೆಲ್ಲ ಬೆಳಕಲ್ಲಿ ಸಕ್ಕರೆ ಕೂಡಿಟ್ಟುಕೊಂಡು ಭಾರವಾಗಿ ಕೆಳಗಿಳಿಯುತ್ತದೆ, ರಾತ್ರಿ ಅದನ್ನು ಕರಗಿಸಿಕೊಂಡು ಹಗುರಾಗಿ ಮೇಲೇರುತ್ತದೆ. ಗಾಳಿಯಿಲ್ಲದ ಬೆಳಗಿನ ಜಾವ ಕೆನೆ ದಪ್ಪವಾಗಿ ಕಾಣುವುದು ಇದಕ್ಕೇ. ಈ ಏರಿಳಿತದ ಗುಟ್ಟು ನೀರೆತ್ತುವವರಿಗೆ ಮುಂದೆ ಕೆಲಸಕ್ಕೆ ಬರುತ್ತದೆ.

ಲೆಕ್ಕ

ಒಂದು ಸಾಧಾರಣ ಕೆರೆ ಹಿಡಿಯೋಣ: 5 ಎಕರೆ ಹರವು, 4 ಮೀಟರ್ ನೀರು. ಹಿಡಿತ ಸುಮಾರು 8 ಕೋಟಿ ಲೀಟರ್. ಕೆರೆಗಳ ವಿಜ್ಞಾನದಲ್ಲಿ ಒಟ್ಟು ರಂಜಕ ಲೀಟರಿಗೆ 35 ಮೈಕ್ರೊಗ್ರಾಂ ದಾಟಿದರೆ ಆ ಕೆರೆಗೆ ಮೇವು ಹೆಚ್ಚಾಗಿದೆ ಎಂದೂ, 100 ದಾಟಿದರೆ ವಿಪರೀತವಾಗಿದೆ ಎಂದೂ ಎಣಿಸುತ್ತಾರೆ. 20-25ರ ಕೆಳಗೆ ದಟ್ಟ ಕೆನೆ ಕಟ್ಟುವುದು ಅಪರೂಪ. ನಾವು 30 ಎಂದು ಇಟ್ಟುಕೊಳ್ಳೋಣ. 8 ಕೋಟಿ ಲೀಟರಿಗೆ 30 ಮೈಕ್ರೊಗ್ರಾಂ ಎಂದರೆ ಇಡೀ ಕೆರೆಗೆ 2.4 ಕಿಲೋ ರಂಜಕ. ಅಷ್ಟೇ.

ಈಗ ಗೊಬ್ಬರದ ಚೀಲ ನೋಡಿ. 50 ಕಿಲೋ ಡಿಎಪಿ ಚೀಲದ ಮೇಲೆ 18-46 ಎಂದು ಬರೆದಿರುತ್ತದೆ. ಆ 46 ರಂಜಕದ ಪೆಂಟಾಕ್ಸೈಡ್ ಲೆಕ್ಕ. ಶುದ್ಧ ರಂಜಕ ಬೇಕೆಂದರೆ ಅದನ್ನು 0.436ರಿಂದ ಗುಣಿಸಬೇಕು. ಒಂದು ಚೀಲದಲ್ಲಿ 23 ಕಿಲೋ ಪೆಂಟಾಕ್ಸೈಡ್, ಅಂದರೆ 10 ಕಿಲೋ ರಂಜಕ. ಹಾಗಾದರೆ 2.4 ಕಿಲೋಗೆ ಬೇಕಾದುದು 12 ಕಿಲೋ ಡಿಎಪಿ. ಕಾಲು ಚೀಲವೂ ಬೇಡ. ಗೊಬ್ಬರವೇ ಬೇಕೆಂದಿಲ್ಲ: ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ 1ರಿಂದ 1.5 ಗ್ರಾಂ ರಂಜಕ ಹೋಗುತ್ತದೆ. ಕೆರೆಯ ಏರಿಯ ಹಿಂದೆ 20 ಜನ 100 ದಿನ ಬಯಲಿಗೆ ಕೂತು, ಅದೆಲ್ಲ ತೊಳೆದು ನೀರಿಗೆ ಸೇರಿದರೆ ಅದೇ 2.4 ಕಿಲೋ.

30 ಎಂಬ ಅಂಕಿ ಸುಮ್ಮನೆ ಆರಿಸಿದ್ದಲ್ಲ. ಎಲ್ಲ ಕೂಡಿಬಂದರೆ 1 ಮೈಕ್ರೊಗ್ರಾಂ ರಂಜಕದಿಂದ ಹತ್ತಿರಹತ್ತಿರ 1 ಮೈಕ್ರೊಗ್ರಾಂ ಕ್ಲೋರೊಫಿಲ್, ಅಂದರೆ ಪತ್ರಹರಿತ್ತು ಬೆಳೆಯಬಲ್ಲದು. ಕೆರೆಯಲ್ಲಿ ಸಯನೋಬ್ಯಾಕ್ಟೀರಿಯಾವೇ ಹೆಚ್ಚಿದ್ದು ಕ್ಲೋರೊಫಿಲ್ ಲೀಟರಿಗೆ 12 ಮೈಕ್ರೊಗ್ರಾಂ ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆಯ ಎರಡನೇ ಹಂತ ಶುರು. ಕೆಟ್ಟ ಸಂದರ್ಭದಲ್ಲಿ ಕ್ಲೋರೊಫಿಲ್‌ನಷ್ಟೇ ತೂಕದ ವಿಷವೂ ಇರಬಹುದೆಂಬ ಅಂದಾಜು ಅದರ ಹಿಂದಿದೆ. ಮೈಕ್ರೊಸಿಸ್ಟಿನ್ ಎಂಬ ಈ ಯಕೃತ್ತಿನ ವಿಷಕ್ಕೆ ಅದೇ ಸಂಸ್ಥೆ ಇಟ್ಟ ಮಿತಿ ಜೀವನಪೂರ್ತಿ ಕುಡಿಯುವ ನೀರಿಗೆ ಲೀಟರಿಗೆ 1 ಮೈಕ್ರೊಗ್ರಾಂ, ಕೆಲವೇ ದಿನದ ಮಟ್ಟಿಗಾದರೆ 12.

ರಂಜಕವೇ ಮೂಲ ಎಂಬುದಕ್ಕೆ ಕಣ್ಣಿಗೆ ಕಟ್ಟುವ ಪುರಾವೆ ಕೆನಡಾದ ಒಂಟಾರಿಯೊದಿಂದ ಬಂತು. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 226ನೇ ಸಂಖ್ಯೆಯ ಕೆರೆಯನ್ನು ನಡುವೆ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿತು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಪಾಲು ಹಸಿರಾಯಿತು, ಪಕ್ಕದ್ದು ಹಾಗೇ ತಿಳಿಯಾಗಿ ಉಳಿಯಿತು.

ಕಾಲುವೆ ನಿಂತ ಮೇಲೆಯೇ ಏಕೆ?

ಕಾಲುವೆಯ ನೀರು ಬರುವಾಗ ಕೆಂಪಗೆ ಕದಡಿರುತ್ತದೆ. ರಂಜಕ ಆಗಲೂ ಇರುತ್ತದೆ, ಬಹುಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡು. ಶಿವಮೊಗ್ಗ, ಹರಿಹರದ ಕಡೆಯ ಊರುಗಳ ಚರಂಡಿ ನೀರು, ಮೇಲ್ದಂಡೆಯ ಹೊಲಗದ್ದೆಗಳ ಮಣ್ಣು ಎಲ್ಲವೂ ತುಂಗಭದ್ರೆಯಲ್ಲೇ ಬಂದು ಸೇರುತ್ತವೆ. ಅಣೆಕಟ್ಟೆ ಕಟ್ಟಿದಾಗ ಸುಮಾರು 133 ಟಿಎಂಸಿ ಇದ್ದ ಹಿಡಿತ ಹೂಳಿನಿಂದ 105.788ಕ್ಕೆ ಇಳಿದಿದೆ ಎಂದರೆ ಎಷ್ಟು ಮಣ್ಣು ಬಂದಿದೆ ನೋಡಿ. ಹಿನ್ನೀರೇ ಹಸಿರಾದ ಸುದ್ದಿ ಪತ್ರಿಕೆಗಳಲ್ಲಿ ಒಮ್ಮೆಯಲ್ಲ, ಹಲವು ವರ್ಷ ಬಂದಿದೆ. ಆದರೂ ಕದಡಿದ ನೀರಿನೊಳಗೆ ಬೆಳಕು ಇಳಿಯುವುದಿಲ್ಲ, ಹರಿಯುವ ನೀರು ಒಂದೆಡೆ ನಿಲ್ಲುವುದಿಲ್ಲ. ಹೊಟ್ಟೆಗಿದ್ದರೂ ಉಣ್ಣಲು ಪುರುಸೊತ್ತಿಲ್ಲದ ಸ್ಥಿತಿ ಅದು.

ನೀರು ನಿಂತು ಮಣ್ಣು ತಳಕ್ಕೆ ಕೂತಾಗ ಮೇಲೆ ತಿಳಿಯಾಗುತ್ತದೆ. "ಈಗ ನೀರು ಚಲೋ ಆತು" ಅನ್ನುವ ದಿನವೇ ಎಣಿಕೆ ಶುರು. ಬೆಳಕು ಸಿಕ್ಕಿತು, ನೀರಿನ ಉಷ್ಣತೆ 28-30 ಡಿಗ್ರಿಗೆ ಏರಿತು. 25 ಡಿಗ್ರಿ ಮೇಲೆ ಈ ಬ್ಯಾಕ್ಟೀರಿಯಾಕ್ಕೆ ಉಳಿದ ಪಾಚಿಗಳಿಗಿಂತ ಅನುಕೂಲ ಹೆಚ್ಚು. ಇಂಥ ನೀರಿನಲ್ಲಿ ಮೈಕ್ರೊಸಿಸ್ಟಿಸ್ ಎರಡರಿಂದ ನಾಲ್ಕು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದುಕೊಂಡರೆ, ಮಿಲಿಲೀಟರಿಗೆ 100 ಕೋಶದಿಂದ 1 ಲಕ್ಷಕ್ಕೆ ಹೋಗಲು ಹತ್ತು ಬಾರಿ ಇಮ್ಮಡಿಯಾದರೆ ಆಯಿತು: 20ರಿಂದ 40 ದಿನ. ಏಪ್ರಿಲ್‌ನಲ್ಲಿ ಕಾಲುವೆ ನಿಂತ ಊರಿನ ಕೆರೆ ಮೇನಲ್ಲಿ ಹಸಿರಾಗುವುದಕ್ಕೆ ಇದೇ ಗಡುವು.

ಇನ್ನು ತಳದ ಕೆಸರು. ಎಷ್ಟೋ ಊರುಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಕೆಸರಿನಲ್ಲಿ ರಂಜಕ ಕಬ್ಬಿಣದ ಜೊತೆ ಕಟ್ಟಿಕೊಂಡು ಕೂತಿರುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಇರುವ ತನಕ ಆ ಗಂಟು ಗಟ್ಟಿ. ಬೇಸಿಗೆಯ ಗಾಳಿಯಿಲ್ಲದ ದಿನಗಳಲ್ಲಿ ಮೇಲೆ ಬಿಸಿ, ಕೆಳಗೆ ತಂಪು ಎಂದು ನೀರು ಪದರವಾಗಿ ನಿಂತರೆ ತಳದ ಆಮ್ಲಜನಕ ತೀರುತ್ತದೆ, ಕಬ್ಬಿಣ ಕರಗುತ್ತದೆ, ರಂಜಕ ಬಿಡುಗಡೆ. ಚದರ ಮೀಟರಿಗೆ ದಿನಕ್ಕೆ 5 ಮಿಲಿಗ್ರಾಂ ಹೊರಬಂದರೂ, ಕೊಳೆತ ಕೆಸರಿಗೆ ಇದೇನೂ ದೊಡ್ಡದಲ್ಲ, ನಮ್ಮ 5 ಎಕರೆ ಕೆರೆಗೆ ದಿನಕ್ಕೆ ಸುಮಾರು 100 ಗ್ರಾಂ. 24 ದಿನಕ್ಕೆ ಮತ್ತೆ ಅದೇ 2.4 ಕಿಲೋ, ಹೊರಗಿನಿಂದ ಒಂದು ಹನಿ ಬರದೆಯೇ. ಕೆನೆ ಕಟ್ಟಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ 9 ದಾಟುತ್ತದೆ. ಅದೂ ಕೆಸರಿನಿಂದ ರಂಜಕವನ್ನು ಬಿಡಿಸುತ್ತದೆ. ಜೊತೆಗೆ ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ ತಿಂಗಳಿಗೆ 24 ಸೆಂಟಿಮೀಟರ್ ನೀರು ಹೋಯಿತು. ನೀರು ಹೋದರೂ ರಂಜಕ ಅಲ್ಲೇ ಉಳಿಯಿತು.

ಸಾರಜನಕದ ಪಾತ್ರ

ಪಾಚಿಯ ಮೈಗೆ ತೂಕದಲ್ಲಿ 1 ಪಾಲು ರಂಜಕಕ್ಕೆ ಸುಮಾರು 7 ಪಾಲು ಸಾರಜನಕ ಬೇಕು. ಸಾರಜನಕ ಕಡಿಮೆಯಾದರೆ ಅನಬೀನಾದಂಥವು ಗಾಳಿಯಿಂದಲೇ ತಾವು ಹಿಡಿದುಕೊಳ್ಳುತ್ತವೆ. ಅದಕ್ಕೇ ಸಾರಜನಕ ಒಂದನ್ನೇ ತಡೆದು ಕೆರೆ ಉಳಿಸಲಾಗದು ಎಂದು ಹಳೆಯ ವಾದ. ಆದರೆ ಮೈಕ್ರೊಸಿಸ್ಟಿಸ್‌ಗೆ ಆ ವಿದ್ಯೆ ಗೊತ್ತಿಲ್ಲ. ಅದಕ್ಕೆ ನೀರಿನಲ್ಲಿ ಕರಗಿದ ಅಮೋನಿಯಾ, ಯೂರಿಯಾ, ನೈಟ್ರೇಟ್ ಬೇಕೇಬೇಕು. ಸಿಕ್ಕರೆ ಅದು ಬೆಳೆಯುವುದಷ್ಟೇ ಅಲ್ಲ, ವಿಷವನ್ನೂ ಹೆಚ್ಚು ಮಾಡುತ್ತದೆ. ಮೈಕ್ರೊಸಿಸ್ಟಿನ್-ಎಲ್‌ಆರ್‌ನ ಒಂದು ಅಣುವಿನಲ್ಲಿ ಸಾರಜನಕದ ಹತ್ತು ಪರಮಾಣುಗಳಿವೆ. ತೂಕದಲ್ಲಿ ಸುಮಾರು ಶೇ 14. ಸಾಮಾನು ಇದ್ದರೆ ತಾನೇ ಅಡುಗೆ?

ನೆಲ್ಲಿನ ಸೀಮೆಯಲ್ಲಿ ಇದನ್ನು ಹಗುರಾಗಿ ತಗೊಳ್ಳುವಂತಿಲ್ಲ. 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕ. ಮೇಲುಗೊಬ್ಬರ ಚೆಲ್ಲಿದ ಮರುದಿನವೇ ಗದ್ದೆಯ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಕೆರೆಗೆ ಹೋದರೆ ಮೈಕ್ರೊಸಿಸ್ಟಿಸ್‌ಗೆ ಬೇಕಾದ ರೂಪದಲ್ಲೇ ಊಟ ಬಡಿಸಿದಂತೆ.

"ನಮ್ಮ ನೀರಿನ ರಿಪೋರ್ಟಿನಲ್ಲಿ ನೈಟ್ರೇಟ್ ಮಿತಿಯೊಳಗೇ ಇದೆ" ಎಂಬ ಮಾತು ಕೇಳಿಬರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಸಾರಜನಕದ ಲೆಕ್ಕದಲ್ಲಿ ಅದು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೊಗ್ರಾಂ. ಕೆನೆ ಕಟ್ಟಲು ಅದರ ಹತ್ತನೇ ಒಂದು ಪಾಲೂ ಸಾಕು. ಆ ಮಿತಿ ಕೂಸುಗಳ ರಕ್ತಕ್ಕೆ ಅಪಾಯವಾಗದಿರಲಿ ಎಂದು ಇಟ್ಟದ್ದು, ಕೆರೆಯ ಆರೋಗ್ಯಕ್ಕಲ್ಲ. ಅದೇ ಮಾನದಂಡದಲ್ಲಿ ರಂಜಕಕ್ಕೆ ಮಿತಿಯೇ ಇಲ್ಲ. ಮೈಕ್ರೊಸಿಸ್ಟಿನ್‌ಗೂ ಅಂಕಿಯ ಮಿತಿ ಇಲ್ಲ. ಎಲ್ಲ ಕಾಲಂನಲ್ಲಿ ಪಾಸಾದ ಕೆರೆ ಹಸಿರಾಗಿ ನಿಲ್ಲುವುದು ಹೀಗೆ.

ಅಳೆಯುವಾಗ ಆಗುವ ತಪ್ಪುಗಳು

ಪ್ರಯೋಗಾಲಯಕ್ಕೆ ಮಾದರಿ ಕೊಡುವಾಗ "ಫಾಸ್ಫೇಟ್ ನೋಡಿ" ಎಂದರೆ ಅವರು ಕರಗಿದ ಫಾಸ್ಫೇಟ್ ನೋಡುತ್ತಾರೆ. ಕೆರೆ ಹಸಿರಾಗಿರುವಾಗ ಅದು ಸೊನ್ನೆಗೆ ಹತ್ತಿರ ಬರುತ್ತದೆ, ಏಕೆಂದರೆ ಇದ್ದದ್ದೆಲ್ಲ ಕೋಶಗಳ ಹೊಟ್ಟೆಯಲ್ಲಿದೆ. "ಒಟ್ಟು ರಂಜಕ, ಪರ್ಸಲ್ಫೇಟ್‌ನಲ್ಲಿ ಜೀರ್ಣಿಸಿ" ಎಂದು ಬರೆದೇ ಕೊಡಬೇಕು. ವರದಿಯಲ್ಲಿ "0.1 ಮಿಲಿಗ್ರಾಂಗಿಂತ ಕಡಿಮೆ" ಎಂದು ಬಂದರೆ ಸಂತೋಷಪಡಬೇಡಿ. 0.1 ಮಿಲಿಗ್ರಾಂ ಎಂದರೆ 100 ಮೈಕ್ರೊಗ್ರಾಂ, ಅದರ ಕೆಳಗೇ ಇಡೀ ಕಥೆ ನಡೆಯುವುದು. 10 ಮೈಕ್ರೊಗ್ರಾಂ ತನಕ ಅಳೆಯಬಲ್ಲ ಲ್ಯಾಬ್ ಬೇಕು. ಅಂಕಿ ಫಾಸ್ಫೇಟ್ ರೂಪದಲ್ಲಿದ್ದರೆ 3.07ರಿಂದ ಭಾಗಿಸಿದರೆ ರಂಜಕ ಸಿಗುತ್ತದೆ. ಬಾಟಲಿಯನ್ನು ಸೋಪಿನ ಪುಡಿಯಿಂದ ತೊಳೆಯಬಾರದು, ಕೆಲವು ಪುಡಿಗಳಲ್ಲೇ ಫಾಸ್ಫೇಟ್ ಇರುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಾಡಿಸಿದ ಬಾಟಲಿಯೇ ಆಗಬೇಕು.

ವಿಷದ ಪರೀಕ್ಷೆಗೆ ಕಂದು ಬಣ್ಣದ ಗಾಜಿನ ಬಾಟಲಿ, ಐಸ್ ಮೇಲೆ ಇಟ್ಟು 24 ಗಂಟೆಯೊಳಗೆ ಲ್ಯಾಬಿಗೆ. ಅಲ್ಲಿ ಮೂರು ಬಾರಿ ಹೆಪ್ಪುಗಟ್ಟಿಸಿ ಕರಗಿಸಿ ಕೋಶ ಒಡೆದು ಆಮೇಲೆ ಎಲೈಸಾ ಕಿಟ್‌ನಲ್ಲಿ ನೋಡಬೇಕು. ಸೋಸಿದ ನೀರನ್ನಷ್ಟೇ ನೋಡಿದರೆ ಕೋಶದೊಳಗಿನ ವಿಷ ಲೆಕ್ಕಕ್ಕೆ ಬರುವುದಿಲ್ಲ, ಬೆಳೆಯುತ್ತಿರುವ ಕೆನೆಯಲ್ಲಿ ಬಹುಪಾಲು ವಿಷ ಇರುವುದು ಅಲ್ಲೇ.

ಪಂಚಾಯಿತಿ ಮಟ್ಟದಲ್ಲಿ ಖರ್ಚಿಲ್ಲದೆ ಮಾಡಬಹುದಾದವೂ ಇವೆ. ಒಂದು ಕೋಲಿನಿಂದ ಹಸಿರನ್ನು ಎತ್ತಿ ನೋಡಿ: ಎಳೆಎಳೆಯಾಗಿ ಜೋತುಬಿದ್ದರೆ ಸಾಮಾನ್ಯ ಪಾಚಿ, ಕೋಲಿಗೆ ಬಣ್ಣ ಬಳಿದಂತೆ ಹತ್ತಿಕೊಂಡರೆ ಅನುಮಾನಪಡಬೇಕಾದದ್ದು. ಕೈಗೆ ಗ್ಲೌಸ್ ಇರಲಿ. ಇನ್ನೊಂದು, ಎರಡು ಲೀಟರಿನ ತಿಳಿ ಬಾಟಲಿಯಲ್ಲಿ ಮೇಲಿನ ಕೆನೆ ಸರಿಸಿ ಕೆಳಗಿನ ನೀರನ್ನು ಮುಕ್ಕಾಲು ತುಂಬಿ, ಅಲುಗಾಡಿಸದೆ ರಾತ್ರಿಯಿಡೀ ತಂಪಿನಲ್ಲಿಡಿ. ಬೆಳಿಗ್ಗೆ ಹಸಿರು ಮೇಲೆ ಉಂಗುರ ಕಟ್ಟಿದರೆ ಗಾಳಿಚೀಲದ ಸಯನೋಬ್ಯಾಕ್ಟೀರಿಯಾ ಇರುವ ಸಂಭವ ಹೆಚ್ಚು, ತಳಕ್ಕೆ ಕೂತರೆ ಬೇರೆ ಪಾಚಿ. ಇವೆರಡೂ ವಿಷ ಇದೆಯೋ ಇಲ್ಲವೋ ಹೇಳುವುದಿಲ್ಲ. ಮಣ್ಣಿನ ವಾಸನೆ ಬಂದರೆ ವಿಷ, ಬರದಿದ್ದರೆ ಇಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ. ಆ ವಾಸನೆ ಜಿಯೋಸ್ಮಿನ್ ಎಂಬ ನಿರುಪದ್ರವಿ ವಸ್ತುವಿನದು. ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಗೆ ಕಪ್ಪು-ಬಿಳುಪು ಕಾಲುಭಾಗ ಬಣ್ಣ ಬಳಿದು, ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿ. ಕಾಣದಾಗುವ ಆಳವನ್ನು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಬರೆದಿಡಿ. ಮಣ್ಣು ಕೂತು 1.5 ಮೀಟರ್ ತನಕ ಕಂಡ ಬಿಲ್ಲೆ ಮೂರು ವಾರದಲ್ಲಿ 60 ಸೆಂಟಿಮೀಟರಿಗೆ ಬಂದರೆ ಕೆನೆ ಕಣ್ಣಿಗೆ ಬೀಳುವ ಮುಂಚೆಯೇ ಸುದ್ದಿ ಸಿಕ್ಕಿತು.

ಮೈಲುತುತ್ತ, ಬ್ಲೀಚಿಂಗ್ ಪೌಡರ್

ಕೆರೆ ಹಸಿರಾದ ದೂರು ಬಂತೆಂದರೆ ಮೊದಲು ನೆನಪಾಗುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅಥವಾ ಬ್ಲೀಚಿಂಗ್ ಪೌಡರ್. ಎರಡು ದಿನದಲ್ಲಿ ನೀರು ತಿಳಿಯಾಗುತ್ತದೆ, ಕೆಲಸ ಆಯಿತು ಅನಿಸುತ್ತದೆ. ಆದದ್ದು ಇಷ್ಟು: ಕೋಶ ಒಡೆದು, ಒಳಗಿದ್ದ ವಿಷ ನೀರಿಗೆ ಕರಗಿತು. ಕೋಶದೊಳಗಿದ್ದಾಗ ಅದನ್ನು ಮರಳಿನಲ್ಲಿ ಸೋಸಿ ತೆಗೆಯಬಹುದಿತ್ತು, ಕರಗಿದ ಮೇಲೆ ಮರಳು ತಡೆಯುವುದಿಲ್ಲ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡಿನಲ್ಲಿ ಕುಡಿಯುವ ನೀರಿನ ಅಣೆಕಟ್ಟೆಗೆ ಮೈಲುತುತ್ತ ಹಾಕಿದ ಕೆಲವು ದಿನಗಳಲ್ಲಿ 148 ಜನ ಯಕೃತ್ತಿನ ಊತದಿಂದ ಆಸ್ಪತ್ರೆ ಸೇರಿದರು. ಹೆಚ್ಚಿನವರು ಮಕ್ಕಳು.

ಹಾಕಲೇಬೇಕೆಂದರೆ ಕೋಶಗಳು ಮಿಲಿಲೀಟರಿಗೆ ಕೆಲವೇ ಸಾವಿರ ಇರುವ ಆರಂಭದಲ್ಲಿ ಹಾಕಿ, ಎರಡು ವಾರ ಆ ನೀರು ಎತ್ತಬಾರದು. ಒಂದೇ ಕೆರೆ ನಂಬಿದ ಊರಿಗೆ ಇದು ಆಗದ ಮಾತು. ಮೇಲಾಗಿ ಕ್ಷಾರ ಹೆಚ್ಚಿರುವ ನೀರಿನಲ್ಲಿ ತಾಮ್ರ ಬೇಗನೆ ಗಸಿಯಾಗಿ ತಳಕ್ಕಿಳಿದು ವ್ಯರ್ಥವಾಗುತ್ತದೆ. ಸತ್ತ ಕೋಶಗಳ ರಂಜಕವೂ ನೀರಿನಲ್ಲೇ ಉಳಿದು ಮುಂದಿನ ಪೀಳಿಗೆಗೆ ಮೇವಾಗುತ್ತದೆ. ನೆಲ್ಲಿನ ಹುಲ್ಲಿನ ಕಟ್ಟು ಮುಳುಗಿಸುವುದು, "ಒಳ್ಳೆಯ ಸೂಕ್ಷ್ಮಜೀವಿ"ಗಳ ಮಣ್ಣಿನುಂಡೆ ಎಸೆಯುವುದು ಇವೆಲ್ಲ ದುಡ್ಡು ದಂಡ. ಹುಲ್ಲು ಕೊಳೆತು ಇನ್ನಷ್ಟು ಆಮ್ಲಜನಕ ತಿನ್ನುತ್ತದೆ.

ಹಸಿರಾದ ನೀರನ್ನೇ ಎತ್ತಬೇಕಾದಾಗ

ನೀರು ಎಲ್ಲಿಂದ, ಯಾವಾಗ ಎತ್ತುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬೆಳಗಿನ ಜಾವ ಕೆನೆ ಮೇಲೆ ತೇಲುತ್ತಿರುತ್ತದೆ, ಪಿಎಚ್ ಕೂಡ ದಿನದ ಕನಿಷ್ಠ ಮಟ್ಟದಲ್ಲಿರುತ್ತದೆ. ಆ ಹೊತ್ತಿನಲ್ಲಿ, ಗಾಳಿ ಏಳುವ ಮುಂಚೆ, ಮೇಲಿನಿಂದ ಒಂದೂವರೆ ಮೀಟರ್ ಕೆಳಗೆ ಮತ್ತು ತಳದಿಂದ ಒಂದು ಮೀಟರ್ ಮೇಲೆ ಎತ್ತಬೇಕು. ಜಾಕ್‌ವೆಲ್‌ನಲ್ಲಿ, ಅಂದರೆ ಕೆರೆಯಿಂದ ನೀರೆತ್ತುವ ಬಾವಿಯಲ್ಲಿ, ಒಂದೇ ಎತ್ತರದ ಕಿಂಡಿ ಇದ್ದರೆ, ಖಾಲಿ ಡ್ರಮ್ಮುಗಳ ತೆಪ್ಪಕ್ಕೆ ಬಾಗುವ ಪೈಪು ಕಟ್ಟಿ ನೀರಿನ ಮಟ್ಟದ ಜೊತೆ ಇಳಿಯುವಂತೆ ಮಾಡಿಕೊಳ್ಳಬಹುದು. ಈ ಭಾಗದಲ್ಲಿ ಮಳೆಗಾಲದ ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸುವುದರಿಂದ ಕೆನೆ ಪೂರ್ವ-ಈಶಾನ್ಯದ ದಂಡೆಗೆ ಬಂದು ಸೇರುತ್ತದೆ. ಹೊಸ ಕೆರೆಯ ನಕ್ಷೆ ಮಾಡುವವರು ಜಾಕ್‌ವೆಲ್ ಅನ್ನು ಆ ಮೂಲೆಗೆ ಇಡಬಾರದು.

ನೀರು ಶುದ್ಧಿ ಮಾಡುವ ಘಟಕದಲ್ಲಿ ಕಚ್ಚಾ ನೀರಿಗೇ ಮೊದಲು ಕ್ಲೋರಿನ್ ಹಾಕುವ ರೂಢಿಯನ್ನು ಈ ದಿನಗಳಲ್ಲಿ ನಿಲ್ಲಿಸಬೇಕು. ಕಾರಣ ಮೈಲುತುತ್ತದ್ದೇ. ಮೊದಲು ಆಲಂ, ಅಂದರೆ ಪಟಿಕ. ಪ್ರಮಾಣವನ್ನು ಕಣ್ಣಂದಾಜಿಗೆ ಬಿಡಬೇಡಿ: 10 ಗ್ರಾಂ ಆಲಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ, ಅದರ 1 ಮಿಲಿಲೀಟರ್ ಒಂದು ಲೀಟರ್ ಕೆರೆ ನೀರಿಗೆ 10 ಮಿಲಿಗ್ರಾಂ ಆಯಿತು. ಐದು ಜಾಡಿಗಳಲ್ಲಿ ಒಂದೊಂದು ಲೀಟರ್ ನೀರಿಟ್ಟು 2, 3, 4, 5, 6 ಮಿಲಿಲೀಟರ್ ಹಾಕಿ, ಒಂದು ನಿಮಿಷ ಜೋರಾಗಿ, ಹದಿನೈದು ನಿಮಿಷ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಟ್ಟು ನೋಡಿ. ಪಿಎಚ್ 8 ದಾಟಿದ ನೀರಿನಲ್ಲಿ ಗರಣೆ ಹತ್ತಿಯಂತೆ ಹಗುರಾಗಿ ಮೇಲೆ ತೇಲಿದರೆ ಆಲಂ ಕಡಿಮೆಯಾಯಿತೆಂದಲ್ಲ, ಪಿಎಚ್ ಹೆಚ್ಚಾಯಿತೆಂದು. 6.5ರಿಂದ 7.5ರ ನಡುವೆ ಅದು ಚೆನ್ನಾಗಿ ಕೂರುತ್ತದೆ. ತಳದ ಗಸಿಯನ್ನು ದಿನವೂ ಹೊರಹಾಕಿ. ಎರಡು ಮೂರು ದಿನ ಬಿಟ್ಟರೆ ಅದರೊಳಗಿನ ಕೋಶ ಒಡೆಯತೊಡಗುತ್ತದೆ. ಫಿಲ್ಟರ್ ತೊಳೆದ ನೀರನ್ನು ನೀರುಳಿತಾಯವೆಂದು ಕೆರೆಗೇ ಬಿಡುವುದಂತೂ ಬೇಡವೇ ಬೇಡ.

ನಿಧಾನ ಮರಳು ಸೋಸುಕ ಇರುವ ಹಳ್ಳಿಗಳು ಒಂದು ಲೆಕ್ಕಕ್ಕೆ ಅದೃಷ್ಟವಂತರು. ಮರಳಿನ ಮೇಲ್ಪದರದ ಜೀವಪೊರೆ ಕರಗಿದ ಮೈಕ್ರೊಸಿಸ್ಟಿನ್ ಅನ್ನೂ ತಿಂದು ಕರಗಿಸುತ್ತದೆ, ಗಂಟೆಗೆ 10-20 ಸೆಂಟಿಮೀಟರ್ ವೇಗ ಮೀರದಿದ್ದರೆ. ಮರಳು ಕೆರೆದ ಮೇಲೆ ಆ ಪೊರೆ ಮತ್ತೆ ಹದಕ್ಕೆ ಬರಲು ದಿನಗಳು ಬೇಕು. ಆದ್ದರಿಂದ ಕೆರೆಯುವ ಕೆಲಸವನ್ನು ಕೆರೆ ಹಸಿರಾಗುವ ಮೊದಲೇ ಮುಗಿಸಿಕೊಳ್ಳಿ.

ಕೊನೆಗೆ ಕ್ಲೋರಿನ್. ಪಿಎಚ್ 7ರಲ್ಲಿ ಕ್ಲೋರಿನ್ನಿನ ಮುಕ್ಕಾಲು ಪಾಲು ಕೆಲಸ ಮಾಡುವ ರೂಪದಲ್ಲಿರುತ್ತದೆ, 9ರಲ್ಲಿ ಶೇ 3ರಷ್ಟು ಮಾತ್ರ. ಪಿಎಚ್ 8ರ ಕೆಳಗಿದ್ದು, ಅರ್ಧ ಗಂಟೆಯ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಉಳಿದರೆ ಮೈಕ್ರೊಸಿಸ್ಟಿನ್ ಬಹುಪಾಲು ನಾಶವಾಗುತ್ತದೆ. ವಿಷ ಕರಗಿರುವ ಗುಮಾನಿ ಇದ್ದರೆ ಲೀಟರಿಗೆ 20-30 ಮಿಲಿಗ್ರಾಂ ಪುಡಿ ಇದ್ದಿಲನ್ನು, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಅನ್ನು ಆಲಂಗೆ ಮುಂಚೆ ಅರ್ಧ ಗಂಟೆ ಬೆರೆಸಬೇಕು. ಮರದ ಇದ್ದಿಲಿನಿಂದ ಮಾಡಿದ್ದು ಈ ಕೆಲಸಕ್ಕೆ ಒಳ್ಳೆಯದು.

ಮನೆಯಲ್ಲಿ ಕುದಿಸಿದರೆ ಏನೂ ಆಗದು, ವಿಷ ಹಾಗೇ ಇರುತ್ತದೆ, ನೀರು ಇಂಗಿ ಸ್ವಲ್ಪ ಗಟ್ಟಿಯೂ ಆಗುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಎರೀ ಸರೋವರದ ನೀರಿಗೆ ಈ ವಿಷ ಬಂದಾಗ ನಾಲ್ಕು ಲಕ್ಷ ಜನರಿಗೆ ಕೊಟ್ಟ ಸೂಚನೆಯಲ್ಲೇ "ಕುದಿಸಬೇಡಿ" ಎಂದಿತ್ತು. ಬಟ್ಟೆಯಲ್ಲಿ ಸೋಸುವುದು, ಯುವಿ ದೀಪ ಇವೂ ಸಾಲವು. ಊರಿನ ಆರ್‌ಒ ಘಟಕ ತಡೆಯುತ್ತದೆ, ಆದರೆ ಹಸಿರು ನೀರನ್ನು ನೇರ ಕೊಟ್ಟರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಡಯಾಲಿಸಿಸ್ ಕೇಂದ್ರಗಳು ಇನ್ನೂ ಎಚ್ಚರವಾಗಿರಬೇಕು. 1996ರಲ್ಲಿ ಬ್ರೆಜಿಲಿನ ಕರುವಾರುವಿನಲ್ಲಿ ಇಂಥ ಕೆರೆಯ ನೀರನ್ನು ಸರಿಯಾಗಿ ಶುದ್ಧಿ ಮಾಡದೆ ಡಯಾಲಿಸಿಸ್‌ಗೆ ಬಳಸಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಅಲ್ಲಿ ನೀರು ಹೊಟ್ಟೆಗೆ ಹೋಗಲಿಲ್ಲ, ರಕ್ತಕ್ಕೇ ಹೋಯಿತು.

ಜೂನ್‌ನಲ್ಲೇ ಶುರು ಮಾಡಬೇಕಾದದ್ದು

ಕೆರೆ ಬತ್ತಿದಾಗ ಮೇಲಿನ 20-30 ಸೆಂಟಿಮೀಟರ್ ಕಪ್ಪು ಕೆಸರನ್ನು ಎತ್ತಿಸಬೇಕು. ಎತ್ತಿದ್ದನ್ನು ಏರಿಯ ಒಳ ಇಳಿಜಾರಿನಲ್ಲಿ ಸುರಿದರೆ ಮೊದಲ ಮಳೆಗೇ ವಾಪಸ್. ರೈತರು ಟ್ರ್ಯಾಕ್ಟರ್ ತಂದು ಹೊಲಕ್ಕೆ ಒಯ್ಯಲಿ, ಅವರಿಗದು ಗೊಬ್ಬರವೇ. ಜುಲೈನಲ್ಲಿ ಕಾಲುವೆಗೆ ಬರುವ ಮೊದಲ ನೀರು ಮೂರು ತಿಂಗಳ ಕಸ, ಸಗಣಿ, ಎಲ್ಲವನ್ನೂ ಗುಡಿಸಿಕೊಂಡು ಬರುತ್ತದೆ. ಕುಡಿಯಲು ನೀರೇ ಇಲ್ಲದ ತುರ್ತು ಇಲ್ಲದಿದ್ದರೆ ಒಂದು ವಾರ ಬಿಟ್ಟು ತೂಬು ಎತ್ತಿ. ಕಾಲುವೆಯ ನೀರೇ ಹಸಿರಿದ್ದರೆ ಆ ಸರದಿ ಬಿಟ್ಟುಬಿಡಿ. ಕೆರೆಗೆ ಮುಂಚೆ ಒಂದು ಮಡ್ಡಿ ಗುಂಡಿ ಇದ್ದರೆ ಮಣ್ಣಿಗಂಟಿದ ರಂಜಕ ಅಲ್ಲೇ ಕೂರುತ್ತದೆ. ಅದನ್ನು ಪ್ರತಿವರ್ಷ ಬರಿದು ಮಾಡಬೇಕು, ಇಲ್ಲದಿದ್ದರೆ ಅದೇ ಹೊಸ ಮೂಲ.

ಕುಡಿಯುವ ನೀರಿನ ಕೆರೆಯನ್ನು ಮೀನು ಸಾಕಣೆಗೆ ಟೆಂಡರ್ ಕೊಡುವುದು ನಮ್ಮ ಪ್ರಕಾರ ಎಲ್ಲಕ್ಕಿಂತ ದುಬಾರಿ ಆದಾಯ. ಮೀನಿಗೆ ಮೇವಾಗಲಿ ಎಂದು ನೀರು ಹಸಿರು ಮಾಡುವುದೇ ಆ ಕಸುಬಿನ ಕ್ರಮ: ಸಗಣಿ, ಯೂರಿಯಾ, ಸೂಪರ್ ಫಾಸ್ಫೇಟ್. 50 ಕಿಲೋ ಸೂಪರ್ ಫಾಸ್ಫೇಟಿನ ಒಂದೇ ಚೀಲದಲ್ಲಿ 3.5 ಕಿಲೋ ರಂಜಕ. ನಮ್ಮ 2.4ರ ಲೆಕ್ಕ ಅಲ್ಲಿಗೇ ಮುಗಿಯಿತು. ಸಾಮಾನ್ಯ ಗೆಂಡೆ ಕೆಸರನ್ನು ಮೂತಿಯಿಂದ ಕೆದಕುತ್ತದೆ. ಬೆಳ್ಳಿ ಗೆಂಡೆ ಮೈಕ್ರೊಸಿಸ್ಟಿಸ್ ತಿನ್ನುತ್ತದೆ ನಿಜ, ಅದರಲ್ಲಿ ಎಷ್ಟೋ ಜೀರ್ಣವಾಗದೆ ಜೀವಂತವಾಗಿಯೇ ಹೊರಬರುತ್ತದೆ. ಹಸಿರು ಕೆರೆಯ ಮೀನು ತಿನ್ನುವುದಾದರೆ ಕರುಳು, ಯಕೃತ್ತು ತೆಗೆದೇ ತಿನ್ನಿ.

ಗದ್ದೆಯ ಕಡೆ: ಡಿಎಪಿಯನ್ನು ಕೊನೆಯ ರೊಂಪಿಯಲ್ಲಿ ಮಣ್ಣಿಗೆ ಬೆರೆಸಿ, ಆ ಕದಡಿದ ನೀರನ್ನು ಹೊರಬಿಡಬೇಡಿ. ರಂಜಕ ಹೋಗುವುದು ಆ ಕೆಸರು ನೀರಿನಲ್ಲೇ. ಯೂರಿಯಾ ಚೆಲ್ಲುವಾಗ ನೀರು ಎರಡು ಮೂರು ಸೆಂಟಿಮೀಟರಿಗೆ ಇಳಿಸಿಕೊಂಡು, ಆಮೇಲೆ ಒಂದು ವಾರ ಬದುವಿನ ಬಾಯಿ ಮುಚ್ಚಿಡಿ. ವರ್ಷಕ್ಕೆ ಎರಡು ಬೆಳೆ, ಎರಡಕ್ಕೂ ಡಿಎಪಿ ಹಾಕಿಕೊಂಡು ಬಂದ ಗದ್ದೆಗಳಲ್ಲಿ ರಂಜಕ ಕೂಡಿಕೊಂಡಿರುವ ಸಾಧ್ಯತೆ ಹೆಚ್ಚು. ಮಣ್ಣು ಪರೀಕ್ಷೆಯಲ್ಲಿ ರಂಜಕ "ಹೆಚ್ಚು" ಎಂದು ಬಂದರೆ ಒಂದು ಹಂಗಾಮಿಗೆ ಚೀಲ ಕಡಿಮೆ ಮಾಡಿದರೂ ಇಳುವರಿ ಕುಸಿಯುವುದಿಲ್ಲ, ಚೀಲದ ದುಡ್ಡೂ ಉಳಿಯುತ್ತದೆ.

ಕುರಿ ಮೇಯಿಸುವವರಿಗೆ ಒಂದು ಮಾತು. ಕೆನೆ ಗಾಳಿಗೆ ಒಂದು ಮೂಲೆಗೆ ಸೇರಿದಾಗ ಅಲ್ಲಿನ ವಿಷ ಕೆರೆಯ ನಡುವಿನ ನೀರಿಗಿಂತ ಸಾವಿರ ಪಟ್ಟು ಇರಬಹುದು. ಕುರಿ ನೀರಿಗಿಳಿಯುವುದು ದಂಡೆಯಲ್ಲೇ. ಕುಡಿದ ಕೆಲವೇ ಗಂಟೆಗಳಲ್ಲಿ ಕಾಲು ಸೋತು ಬಿದ್ದರೆ ಅದಕ್ಕೆ ಮದ್ದಿಲ್ಲ. ಹಿಂಡನ್ನು ಗಾಳಿ ಬೀಸಿ ಬರುವ ಕಡೆಯ ದಂಡೆಗೆ ಹೊಡೆದುಕೊಂಡು ಹೋಗಿ, ಇಲ್ಲವೇ ಬೋರಿನ ತೊಟ್ಟಿಯಲ್ಲಿ ಕುಡಿಸಿ. ಆ ಒಂದು ಹೊತ್ತಿನ ಫ್ಲೋರೈಡ್ ಕುರಿಗೆ ಏನೂ ಮಾಡದು.